ಬಟನ್ ಒತ್ತು, ಕೂಗಬೇಡ

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೊನ್ನೆ ಮೊನ್ನೆಯವರೆಗೆ ಬೆಳಗ್ಗೆ ಎದ್ದ ಕೂಡಲೇ ನಾನು ನೋಡುತ್ತಿದ್ದುದು ದೇವರ ಪಟವನ್ನಲ್ಲ, ಹೆಂಡತಿಯ ಮುಖವನ್ನೂ ಅಲ್ಲ; ಮೊಬೈಲಿನಲ್ಲಿ ಕಾಣುವ ಆರು ಹಸಿರು ಚುಕ್ಕೆಗಳನ್ನು. ಆರೂ ಹಸಿರಾಗಿದ್ದರೆ ಆವತ್ತಿನ ಕಾಫಿ ರುಚಿಸುತ್ತಿತ್ತು. ಒಂದೇ ಒಂದು ಬೂದಿ ಬಣ್ಣಕ್ಕೆ ತಿರುಗಿದ್ದರೂ ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಪಿನ್ನು ಹುಡುಕಲು ಹೊರಡುತ್ತಿದ್ದೆ. ಪಿನ್ನು ಯಾಕೆಂದು ಮುಂದೆ ಹೇಳುತ್ತೇನೆ.

ಆ ಚುಕ್ಕೆಗಳೆಂದರೆ ನಮ್ಮ ಮನೆಯ ಸೆನ್ಸರುಗಳು. ಬೆಂಕಿಪೊಟ್ಟಣದಷ್ಟು ದೊಡ್ಡವು, ಒಳಗೊಂದು ಗುಂಡು ಬ್ಯಾಟರಿ, ವೈರಿನ ಗೊಡವೆಯಿಲ್ಲ. ಮುಂಬಾಗಿಲು ತೆರೆದರೆ ಒಂದು ಹೇಳುತ್ತದೆ, ತೊಟ್ಟಿಯಲ್ಲಿ ನೀರು ಇಳಿದರೆ ಇನ್ನೊಂದು ಹೇಳುತ್ತದೆ, ಕೊಟ್ಟಿಗೆಯಲ್ಲಿ ಸೆಕೆ ಎಷ್ಟಿದೆಯೆಂದು ಮತ್ತೊಂದು ಹೇಳುತ್ತದೆ. ಕೊಟ್ಟಿಗೆಯಲ್ಲಿ ಇರುವುದು ಒಂದೇ ಸೀಮೆ ಹಸು. ಸೆಕೆಯಾದರೆ ಅದು ತಾನೇ ನಾಲಿಗೆ ಚಾಚಿ ಏದುಸಿರು ಬಿಡುತ್ತದೆ. ಆದರೂ ಅಂಕಿಯಲ್ಲಿ ನೋಡಿದ ಮೇಲೆಯೇ ನನಗೆ ಆ ಹಸುವಿನ ಮೇಲೆ ಕರುಣೆ ಬರುತ್ತಿತ್ತು.

ಇಂಥ ಚಟ ನನಗೆ ಅಂಟಬಾರದಿತ್ತು. ನಾನು ಟೆಲಿಫೋನ್ ಲೈನ್‌ಮನ್ ಆಗಿದ್ದವನು. ನಂದಿದುರ್ಗದ ಚಿನ್ನದ ಗಣಿಯ ಕೂಲಿ ಲೈನುಮನೆಗಳ ಹಿಂದಿನಿಂದ ಹಿಡಿದು ಬೇತಮಂಗಲದ ಕೆರೆ ಏರಿಯವರೆಗೆ, ಆ ಕಡೆ ಕಾಮಸಮುದ್ರದವರೆಗೆ, ನಾನು ಹತ್ತದ ಕಂಬವಿಲ್ಲ. ಮೊಬೈಲು ಬಂದ ಮೇಲೆ ನಾವು ಎಳೆದ ತಂತಿಗಳನ್ನು ಕೇಳುವವರಿಲ್ಲವಾಯಿತು. ಕೆಲವನ್ನು ಕಳ್ಳರು ಕತ್ತರಿಸಿಕೊಂಡು ಹೋದರು, ಉಳಿದವುಗಳ ಮೇಲೆ ಕಾಗೆ ಕೂತವು. ತಂತಿಯಿಲ್ಲದ ಯಾವ ವಸ್ತುವನ್ನು ಕಂಡರೂ ಉರಿದುಬೀಳಬೇಕಾದವನು ನಾನು. ಬಂಗಾರಪೇಟೆಗೆ ಬಂದು ಮನೆ ಕಟ್ಟಿಕೊಂಡು, ರಿಟೈರಾದ ಮೇಲೆ ಹೊತ್ತು ಹೋಗದೆ ಮೊಬೈಲಿನಲ್ಲಿ ವಿಡಿಯೋ ನೋಡುತ್ತ ನೋಡುತ್ತ ಅದೇ ವೈರಿಯ ಕಾಲಿಗೆ ಬಿದ್ದೆ. ಕೆಲಸದಲ್ಲಿದ್ದಾಗ ಊರೆಲ್ಲ ನನ್ನನ್ನು ಕರೆಯುತ್ತಿತ್ತು. ಈಗ ಕನಿಷ್ಠ ತೊಟ್ಟಿಯಾದರೂ ಕರೆಯಲಿ ಎಂಬ ಆಸೆ ಇತ್ತೇನೋ.

ಈ ಸೆನ್ಸರುಗಳ ಸ್ವಭಾವ ನಿಮಗೆ ಸ್ವಲ್ಪ ಹೇಳಬೇಕು. ಬ್ಯಾಟರಿ ಉಳಿಸಲು ಇವು ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತವೆ. ಆಗಾಗ ಎದ್ದು ಒಂದು ಮಾತು ಹೇಳಿ ಮತ್ತೆ ಮಲಗುತ್ತವೆ. ಅವುಗಳ ದನಿ ಬಹಳ ಸಣ್ಣದು. ಎಲ್ಲವುಗಳ ಮಾತನ್ನು ಮೊಬೈಲಿಗೆ ತಲುಪಿಸುವ ಪೆಟ್ಟಿಗೆಯೊಂದು ನಡುಮನೆಯಲ್ಲಿದೆ, ಅದಕ್ಕೆ ನೇರವಾಗಿ ಮುಟ್ಟುವುದಿಲ್ಲ. ಅದಕ್ಕಾಗಿ ದಾರಿಯ ನಡುವೆ ಗೋಡೆಯ ಸಾಕೆಟ್ಟಿಗೆ ಒಂದೊಂದು ಪ್ಲಗ್ಗು ಸಿಕ್ಕಿಸಬೇಕು. ಪ್ಲಗ್ಗು ಸೆನ್ಸರಿನ ಮಾತನ್ನು ಕೇಳಿಸಿಕೊಂಡು ಮುಂದಕ್ಕೆ ದಾಟಿಸುತ್ತದೆ. ಸೆನ್ಸರನ್ನು ಅಂಟಿಸಿದಲ್ಲೇ ಬಿಟ್ಟಿದ್ದರೆ ಯಾವ ತಕರಾರೂ ಇಲ್ಲ. ಕೈಯಲ್ಲಿ ಹಿಡಿದು ಓಡಾಡಿಸಿದಿರೋ, ಶುರುವಾಯಿತು ರಗಳೆ. ಮೊದಲು ಯಾವ ಪ್ಲಗ್ಗನ್ನು ನೆಚ್ಚಿಕೊಂಡಿತ್ತೋ ಅದನ್ನೇ ಕರೆಯುತ್ತ ಕೂರುತ್ತದೆ. ಪಕ್ಕದಲ್ಲೇ ಇನ್ನೊಂದು ಇದ್ದರೂ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಆಗ ಬೆನ್ನಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ, ಹತ್ತು ಎಣಿಸಿ, ಮತ್ತೆ ಹೊಸದಾಗಿ ಸಂಬಂಧ ಕುದುರಿಸಬೇಕು.

ಅಂಟಿಸಿದ ಐದು ಹೇಗೋ ದಾರಿಗೆ ಬಂದವು. ಆರನೆಯದು ಓಡಾಡುವಂಥದ್ದೇ. ಅದೊಂದು ಬಟನ್. ಅದನ್ನು ನನ್ನ ಹೆಂಡತಿ ರತ್ನಮ್ಮನ ಕೊರಳಿಗೆ ದಾರದಲ್ಲಿ ಪೋಣಿಸಿ ಹಾಕಿದ್ದೆ.

ರತ್ನಮ್ಮನಿಗೆ ಸಕ್ಕರೆ ಕಾಯಿಲೆ. ಕೆಲವು ಸಲ ಸಕ್ಕರೆ ಇದ್ದಕ್ಕಿದ್ದಂತೆ ಇಳಿದು ಕಣ್ಣು ಕತ್ತಲೆಗಟ್ಟುತ್ತದೆ. ಹೋದ ವರ್ಷ ಒಮ್ಮೆ ಹಿತ್ತಲ ಕೊಟ್ಟಿಗೆಯಲ್ಲಿ ಹಾಗಾಗಿ ಗೋಡೆಗೊರಗಿ ಕೂತುಬಿಟ್ಟಿದ್ದಳು. ಕೂಗಲು ಬಾಯಿ ಬಂದಿರಲಿಲ್ಲ. ನಾನು ನಡುಮನೆಯಲ್ಲಿ ತೊಟ್ಟಿಯ ನೀರು ಎಷ್ಟಿದೆಯೆಂದು ಮೊಬೈಲಿನಲ್ಲಿ ನೋಡುತ್ತಿದ್ದೆ. ಆಮೇಲೆ ಒಂದು ಲೋಟ ಸಕ್ಕರೆ ನೀರಿಗೆ ಸರಿಹೋದಳೆನ್ನಿ. ಆದರೆ ನನಗೆ ಭಯ ಹುಟ್ಟಿತು, ನಿಜವಾದ ಭಯ. ಭಯ ಹುಟ್ಟಿದ ಗಂಡಸು ಹೆಂಡತಿಯ ಜೊತೆ ಕೊಟ್ಟಿಗೆಗೆ ಹೋಗಿ ಕೂತರೆ ಆಗಿತ್ತು. ನಾನು ಬಟನ್ ತರಿಸಿದೆ. ಅದನ್ನು ಒತ್ತಿದರೆ ನಡುಮನೆಯಲ್ಲಿ ಗಂಟೆ ಹೊಡೆಯುತ್ತದೆ.

“ನಾನೇನು ಅಸುವಾ, ಕೊಳ್ಳಾಗೆ ಗಂಟೆ ಕಟ್ಕೊಂಡು ತಿರುಗಾಕೆ?” ಎಂದಳು.

“ಗಂಟೆ ಇಲ್ಲಿ ಹೊಡೆಯೋದು. ನಿನ್ನ ಕೊರಳಲ್ಲಿ ಬರೀ ಬಟನ್ನು” ಎಂದು ಬುದ್ಧಿವಂತಿಕೆಯ ಉತ್ತರ ಕೊಟ್ಟೆ.

ಅವಳು ಹಾಕಿಕೊಂಡಳು. ಆದರೆ ಬಟನ್ ಆಗಾಗ ಬಿಟ್ಟುಹೋಗುತ್ತಿತ್ತು. ಅಡುಗೆಮನೆಯಲ್ಲಿ ಸರಿಯಾಗಿರುತ್ತಿತ್ತು, ಕೊಟ್ಟಿಗೆಗೆ ಹೋದರೆ ಮೂಕ. ಅದಕ್ಕೆಂದೇ ಹಿಂದಿನ ಜಗಲಿಯಲ್ಲಿ ಹೊಸ ಪ್ಲಗ್ಗೊಂದನ್ನು ಹಾಕಿದೆ. ಎರಡು ದಿನ ನಡೆಯಿತು, ಮೂರನೇ ದಿನ ಮತ್ತೆ ಮೂಕ. ಪಿನ್ನು ಚುಚ್ಚಿ ಚುಚ್ಚಿ ಬಟನ್ನಿನ ಬೆನ್ನು ಸವೆಯಿತು. ಕಾರಣ ಗೊತ್ತಾದದ್ದು ಬಹಳ ದಿನಗಳ ಮೇಲೆ. ರತ್ನಮ್ಮ ಜಗಲಿಯನ್ನು ಒದ್ದೆ ಬಟ್ಟೆಯಿಂದ ಒರೆಸುವ ಮುಂಚೆ ಆ ಪ್ಲಗ್ಗಿನ ಸ್ವಿಚ್ಚು ಆರಿಸುತ್ತಿದ್ದಳು. ಒರೆಸಿದ ಮೇಲೆ ನೆನಪಿದ್ದರೆ ಹಾಕುತ್ತಿದ್ದಳು, ಇಲ್ಲದಿದ್ದರೆ ಇಲ್ಲ. “ಒದ್ದೆ ಕೈಯಾಗೆ ಕರೆಂಟು ಒಡೆದ್ರೆ ನಿಮ್ಮ ಬಟನ್ನು ಬಂದು ಬಿಡಿಸ್ತದಾ?” ಎಂದು ಕೇಳಿದಳು. ನಾನು ಕೂಗಾಡಿದೆ. ಸ್ವಿಚ್ಚಿನ ಮೇಲೆ ಕೆಂಪು ಟೇಪು ಸುತ್ತಿದೆ. ಟೇಪನ್ನು ಒರೆಸುವ ಬಟ್ಟೆಯೇ ಕಿತ್ತುಹಾಕಿತು.

ಇಲ್ಲಿ ನನ್ನ ಹಳೆಯ ಮೇಸ್ತ್ರಿ ಅರುಳ್‌ದಾಸ್ ಅಣ್ಣನನ್ನು ನೆನೆಯದೆ ಮುಂದೆ ಹೋಗಲಾರೆ. ನನಗೆ ಕಂಬ ಹತ್ತುವುದನ್ನು ಕಲಿಸಿದವನು ಅವನು. ಅವನ ಅಪ್ಪ ನಂದಿದುರ್ಗದ ಗಣಿಯಲ್ಲಿ ಇಳಿಯುತ್ತಿದ್ದವನು. ಗಣಿಗೆ ಇಳಿಯುವ ಮುಂಚೆ ಪ್ರತಿಯೊಬ್ಬನೂ ಮೇಲೆ ಹಲಗೆಗೊಂದು ಟೋಕನ್ ಸಿಕ್ಕಿಸಿ ಹೋಗಬೇಕಿತ್ತಂತೆ. ಹಲಗೆ ನೋಡಿದರೆ ಯಾರು ಕೆಳಗಿದ್ದಾರೆಂದು ತಿಳಿಯುತ್ತಿತ್ತು, ಹೇಗಿದ್ದಾರೆಂದು ತಿಳಿಯುತ್ತಿರಲಿಲ್ಲ ಎಂದು ಅಣ್ಣ ಹೇಳುತ್ತಿದ್ದ. ಕೆಲಸದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. ಲೈನು ಸರಿಮಾಡಿದ ಮೇಲೆ ಒಬ್ಬ ಈ ತುದಿಯಲ್ಲಿ, ಇನ್ನೊಬ್ಬ ಆ ತುದಿಯಲ್ಲಿ ನಿಂತು ಪರೀಕ್ಷೆ ಮಾಡುವುದು ನಮ್ಮ ಪದ್ಧತಿ. ಒಮ್ಮೊಮ್ಮೆ ಎರಡು ತುದಿಗಳೂ ಒಂದೇ ಬೀದಿಯಲ್ಲಿರುತ್ತಿದ್ದವು. ಆ ಕಡೆಯವನು “ಬಂತಾ?” ಎಂದು ಬಾಯಲ್ಲೇ ಕೂಗಿದರೆ ಈ ಕಡೆಯವನು ಉತ್ತರ ಕೊಡಕೂಡದು. ನಾನು ಹೊಸದರಲ್ಲಿ ಒಮ್ಮೆ “ಬಂತು” ಎಂದು ಕೂಗಿಬಿಟ್ಟಿದ್ದೆ. ಅರುಳ್‌ದಾಸ್ ಅಣ್ಣ ನನ್ನ ಹತ್ತಿರ ಬಂದು, “ತಂಬಿ, ಬಾಯಲ್ಲೇ ಮಾತಾಡಂಗಿದ್ರೆ ಇಷ್ಟು ಕಂಬ ಯಾತಕ್ಕೆ ನಟ್ಟಿದ್ದು? ಲೈನಲ್ಲಿ ಬಂದ್ರೆ ಪೇಸು, ಇಲ್ಲಾಂದ್ರೆ ಸುಮ್ಕಿರು” ಎಂದಿದ್ದ. ಮೂವತ್ತು ವರ್ಷ ನಾನು ಆ ಮಾತು ಮೀರಲಿಲ್ಲ. ಕಂಬದ ಕೆಳಗಿನಿಂದ ಎಂಥವರು ಕೂಗಿದರೂ ಅಲ್ಲಾಡದೆ ರಿಸೀವರಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದೆ. ನನಗೆ ಅದರ ಜಂಬವೂ ಇತ್ತು.

ಆ ಜಂಬವನ್ನು ನಾನು ಮನೆಗೂ ತಂದೆ. ಸ್ವಿಚ್ಚಿನ ಜಗಳವಾದ ವಾರ ಬಟನ್ನಿಗೆ ಪಿನ್ನು ಚುಚ್ಚಿ ಹೊಸದಾಗಿ ಸೇರಿಸಿ, ರತ್ನಮ್ಮನಿಗೆ ಕಟ್ಟಪ್ಪಣೆ ಮಾಡಿದೆ. ಮೂರು ದಿನ ಟೆಸ್ಟಿಂಗ್. ಏನೇ ಬೇಕಾದರೂ ಬಟನ್ ಒತ್ತು, ಬಾಯಲ್ಲಿ ಕೂಗಬೇಡ. ಕೂಗಿದರೆ ನಾನು ಬರುವುದಿಲ್ಲ. ಮೊದಲ ದಿನ ಅವಳು ಕೊಟ್ಟಿಗೆಯಿಂದ “ಏನೂಂದ್ರೇ, ಚೆಂಬು ತನ್ನಿ” ಎಂದು ಕೂಗಿದಳು. ನಾನು ಹೋಗಲಿಲ್ಲ. ಐದು ನಿಮಿಷದ ಮೇಲೆ ಗಂಟೆ ಹೊಡೆಯಿತು. ಹಲ್ಲು ಕಿರಿಯುತ್ತ ಚೆಂಬು ತೆಗೆದುಕೊಂಡು ಹೋದೆ. ಅವಳು ನನ್ನ ಮುಖ ನೋಡದೆ ಚೆಂಬು ಇಸಿದುಕೊಂಡಳು.

ಮೂರನೇ ದಿನ ಬೆಳಗ್ಗೆ ಅವಳು ಹಾಲು ಕರೆಯಲು ಹೋಗಿದ್ದಳು. ನಾನು ನಡುಮನೆಯಲ್ಲಿ ಮೊಬೈಲು ಹಿಡಿದು ಕೂತಿದ್ದೆ. ಆರೂ ಚುಕ್ಕೆಗಳು ಹಸಿರು. “ಏನೂಂದ್ರೇ” ಎಂಬ ಕೂಗು ಕೇಳಿತು.

ನಾನು ಗಂಟೆಗಾಗಿ ಕಾದೆ. ಹೊಡೆಯಲಿಲ್ಲ.

“ಏನೂಂದ್ರೇ” ಎಂದು ಇನ್ನೊಮ್ಮೆ ಕೇಳಿತು, ಮೊದಲಿಗಿಂತ ಸಣ್ಣಗೆ.

“ಬಟನ್ ಒತ್ತು, ಕೂಗಬೇಡ!” ಎಂದು ನಾನು ಕೂತಲ್ಲಿಂದಲೇ ಗದರಿಕೊಂಡೆ.

ಆಮೇಲೆ ಅವಳು ಕೂಗಲಿಲ್ಲ. ಗಂಟೆಯೂ ಹೊಡೆಯಲಿಲ್ಲ. ಹಟ ಮಾಡುತ್ತಿದ್ದಾಳೆ ಎಂದುಕೊಂಡೆ. ಬಟನ್ ಕಂಡರೆ ಆಗದವಳು, ಬೇಕೆಂದೇ ಒತ್ತುತ್ತಿಲ್ಲ, ಒತ್ತಲಿ ನೋಡೋಣ ಎಂದು ನಾನೂ ಹಟ ಹಿಡಿದೆ. ಹಸಿರು ಚುಕ್ಕೆ ನನ್ನ ಕಡೆ ಸಾಕ್ಷಿ ಹೇಳುತ್ತಿತ್ತು. ಸೆನ್ಸರು ನಿದ್ದೆಯಲ್ಲಿರುವಾಗ ಅದು ಬಿಟ್ಟುಹೋದದ್ದು ಪೆಟ್ಟಿಗೆಗೆ ಬೇಗ ತಿಳಿಯುವುದಿಲ್ಲ, ಗಂಟೆಗಟ್ಟಲೆ ಹಸಿರನ್ನೇ ತೋರಿಸುತ್ತದೆ. ಇದು ನನಗೆ ಗೊತ್ತಿತ್ತು. ಆ ಹೊತ್ತಿಗೆ ನೆನಪಾಗಲಿಲ್ಲ ಎಂದರೆ ಸುಳ್ಳಾದೀತು. ನೆನಪು ಮಾಡಿಕೊಳ್ಳಲು ಇಷ್ಟವಿರಲಿಲ್ಲ.

ಪಕ್ಕದ ಮನೆಯ ಸೆಲ್ವಿ ದಿನಾ ನಮ್ಮಲ್ಲಿ ಅರ್ಧ ಲೀಟರ್ ಹಾಲು ತೆಗೆದುಕೊಳ್ಳುತ್ತಾಳೆ. ಹಿತ್ತಲ ಬಾಗಿಲಿನಿಂದ ಬಂದವಳು ಬೇಗ ಬನ್ನಿರೆಂದು ಕಿರುಚಿದಳು. “ಅಣ್ಣಾ, ವಾಂಗೋ, ಸೀಕ್ರಂ! ಅಕ್ಕ ಬಿದ್ದೋಗಿದೆ!”

ರತ್ನಮ್ಮ ಗಂಜಲದ ಕಾಲುವೆಗೆ ಅಡ್ಡಲಾಗಿ ಬಿದ್ದಿದ್ದಳು. ಹಾಲಿನ ಬಕೆಟ್ಟು ಉರುಳಿತ್ತು. ಬಟನ್ ಅವಳ ಮುಷ್ಟಿಯಲ್ಲಿತ್ತು. ಬಿಡಿಸಿ ನೋಡಿದರೆ ಹೆಬ್ಬೆರಳಿನ ಮೇಲೆ ಅದರ ಅಂಚಿನ ಗುರುತು ಕೆಂಪಗೆ ಮೂಡಿತ್ತು. ಎಷ್ಟು ಸಲ ಒತ್ತಿದ್ದಳೋ. ಅವಳನ್ನು ಎತ್ತಿಕೊಂಡು ಜಗಲಿ ದಾಟುವಾಗ ನೋಡಿದೆ, ನೆಲ ಒರೆಸಿದ ಒದ್ದೆ ಇನ್ನೂ ಆರಿರಲಿಲ್ಲ. ಸ್ವಿಚ್ಚು ಆರಿತ್ತು.

ಸಕ್ಕರೆ ಅರ್ಧ ಗಂಟೆಯಲ್ಲಿ ಸರಿಹೋಯಿತು. ಸೊಂಟದ ಮೂಳೆ ಮುರಿದದ್ದಕ್ಕೆ ಕೋಲಾರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮೊದಲ ಸಲ ಕೂಗಿದಾಗ ಅವಳಿಗಿನ್ನೂ ಬರೀ ತಲೆಸುತ್ತು. ಕೊಟ್ಟಿಗೆಯ ಕಂಬ ಹಿಡಿದು ನಿಂತೇ ಕೂಗಿದ್ದಳಂತೆ. ನಾನು ಎದ್ದು ಹೋಗಿದ್ದರೆ ಅವಳು ಬೀಳುತ್ತಲೇ ಇರಲಿಲ್ಲ. ಇದನ್ನು ನನಗೆ ಹೇಳಿದವಳು ಅವಳಲ್ಲ. ಅವಳು ಡಾಕ್ಟರಿಗೆ ಹೇಳುತ್ತಿದ್ದುದನ್ನು ನಾನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆ.

“ಮನೇಲಿ ಯಾರೂ ಇರ್ಲಿಲ್ವೇನಮ್ಮಾ?” ಎಂದು ಡಾಕ್ಟರು ಕೇಳಿದರು.

ರತ್ನಮ್ಮ ನನ್ನ ಕಡೆ ಒಮ್ಮೆ ನೋಡಿ, “ಯಜಮಾನ್ರಿದ್ರು ಸಾರ್. ಅವ್ರಿಗೆ ಕಿವಿ ಮಂದ. ಕೂಗಿದ್ದು ಕೇಳ್ಸಿಲ್ಲ” ಎಂದಳು.

ನನ್ನ ಕಿವಿಗೆ ಏನೂ ಆಗಿಲ್ಲ. ಅವಳಿಗೂ ಅದು ಗೊತ್ತು. ನಾನು ಗದರಿದ್ದು ಅವಳಿಗೆ ಕೇಳಿಸಿತ್ತು, ಅದಕ್ಕೇ ಬಟನ್ ಒತ್ತಿದ್ದಳು. ಆಗಲೇ ನಾನು ಬಾಯಿಬಿಟ್ಟು ನಿಜ ಹೇಳಬಹುದಿತ್ತು. ಹೇಳಲಿಲ್ಲ. ನೋಡಲು ಬಂದ ನೆಂಟರಿಗೆಲ್ಲ ಅವಳು ಅದೇ ಮಾತು ಹೇಳಿದಳು, ನಾನು ಪಕ್ಕದಲ್ಲಿ ನಿಂತು ಕಿವುಡನ ಹಾಗೆ ಮುಗುಳ್ನಕ್ಕೆ. ಕಾಮಸಮುದ್ರದಿಂದ ಬಂದ ಅವಳ ತಮ್ಮ, “ಬಾವಾ, ಕಿವಿಗೆ ಮಿಷನ್ನು ಆಕಿಸ್ಕೊಳ್ಳಿ” ಎಂದು ನನ್ನ ಮುಖಕ್ಕೆ ಬಾಯಿ ತಂದು ಅರಚಿದ. “ಬ್ಯಾಡ ಬಿಡಪ್ಪಾ, ಅದಕ್ಕೂ ಬ್ಯಾಟ್ರಿ ಆಕ್ಬೇಕು, ಅದೂ ಬಿಟ್ಟೋಯ್ತದೆ” ಎಂದಳು ರತ್ನಮ್ಮ. ಎಲ್ಲರೂ ನಕ್ಕರು. ನಾನು ಯಾಕೆ ನಕ್ಕರೆಂದು ತಿಳಿಯದವನಂತೆ ಕೂತಿದ್ದೆ.

ಈಗ ಊರೆಲ್ಲ ನನ್ನೊಡನೆ ಕೂಗಿ ಮಾತಾಡುತ್ತದೆ. ಬಸ್‌ಸ್ಟ್ಯಾಂಡಿನ ಅಂಗಡಿಯವನು ಚಿಲ್ಲರೆ ಕೊಡುವಾಗ ಕೂಗುತ್ತಾನೆ. ಸೆಲ್ವಿ ಗೋಡೆಯಾಚೆಯಿಂದ “ಅಣ್ಣಾ! ತಣ್ಣಿ ವಂದಿಚ್ಚಿ!” ಎಂದು ನಲ್ಲಿಯಲ್ಲಿ ನೀರು ಬಂದದ್ದನ್ನು ಬೀದಿಗೆಲ್ಲ ಕೇಳುವಂತೆ ಸಾರುತ್ತಾಳೆ. ನಾನು ಅಂಗೈಯನ್ನು ಕಿವಿಗೆ ಅಡ್ಡ ಹಿಡಿದು “ಆಂ?” ಎನ್ನುತ್ತೇನೆ, ಅವರು ಪಾಪ ಇನ್ನೊಮ್ಮೆ ಹೇಳುತ್ತಾರೆ. ಸೆನ್ಸರುಗಳನ್ನೆಲ್ಲ ಕಿತ್ತು ಬಿಸ್ಕತ್ತಿನ ಡಬ್ಬಕ್ಕೆ ಹಾಕಿಟ್ಟಿದ್ದೇನೆ. ಹಸುವಿನ ಹಾಲು ಕರೆಯುವುದನ್ನು ಕಲಿತಿದ್ದೇನೆ, ಅದಿನ್ನೂ ನನ್ನನ್ನು ಪೂರ್ತಿ ನಂಬಿಲ್ಲ.

ಜನ ಇರುವಾಗ ರತ್ನಮ್ಮನೂ ಗಟ್ಟಿಯಾಗಿಯೇ ಮಾತಾಡುತ್ತಾಳೆ. ಅವರೆಲ್ಲ ಹೋಗಿ ಬಾಗಿಲು ಹಾಕಿದ ಮೇಲೆ, ಮಂಚದ ಮೇಲೆ ಮಲಗಿದಲ್ಲಿಂದ, ನಾನು ಅಡುಗೆಮನೆಯಲ್ಲಿರಲಿ ಕೊಟ್ಟಿಗೆಯಲ್ಲಿರಲಿ, “ಏನೂಂದ್ರೆ, ನೀರು” ಎನ್ನುತ್ತಾಳೆ. ಗೋಡೆಗೂ ಕೇಳಿಸದಷ್ಟು ಸಣ್ಣಗೆ. ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಓಡುತ್ತೇನೆ. ಎರಡನೇ ಸಲ ಅವಳು ಕರೆಯುವುದಿಲ್ಲ.