ಕಂಪೆನಿ ತೋಡಿನ ಪಾದರಸ

ನಮ್ಮ ಗದ್ದೆಗೆ ನೀರು ಬರುವ ತೋಡಿಗೆ ಊರಿನವರು ಕಂಪೆನಿ ತೋಡು ಎನ್ನುತ್ತಿದ್ದರು. ನನ್ನ ಅಜ್ಜನ ಕಾಲದಲ್ಲಿ ಬಿಳಿಯರ ಒಂದು ಕಂಪೆನಿ ಮೇಲಿನ ಗುಡ್ಡ ಕೊರೆದು ಚಿನ್ನ ಹುಡುಕಿತ್ತಂತೆ. ಕಲ್ಲು ಕುಟ್ಟಿ ಹಿಟ್ಟು ಮಾಡಿ, ಆ ಹಿಟ್ಟನ್ನು ನೀರಿನ ಜೊತೆ ಪಾದರಸದ ಮೇಲೆ ಹರಿಸುತ್ತಿದ್ದರಂತೆ. ಪಾದರಸ ಚಿನ್ನವನ್ನು ಹಿಡಿದುಕೊಂಡು ಮಣ್ಣನ್ನು ಬಿಟ್ಟುಬಿಡುತ್ತದೆ. ಸಿಕ್ಕ ಚಿನ್ನ ಖರ್ಚಿಗೂ ಸಾಲದೆ ಅವರು ಎದ್ದು ಹೋದರು. ಕುಟ್ಟುವ ಯಂತ್ರದ ಕಬ್ಬಿಣದ ಕಾಲುಗಳು ಮುಳ್ಳುಕಂಟಿಯ ನಡುವೆ ನಿಂತಿದ್ದವು. ಬೇಸಿಗೆಯಲ್ಲಿ ನೀರು ಇಳಿದಾಗ ಆ ಯಂತ್ರದ ಕೆಳಗೆ ತೋಡಿನ ಮಡುವಿನಲ್ಲಿ ಕಪ್ಪು ಮರಳು ಕಾಣುತ್ತಿತ್ತು. ಕೈಯಿಂದ ಬಗೆದರೆ ಬಿಳಿ ಹನಿಗಳು ಓಡಾಡುತ್ತಿದ್ದವು. ನಾವೆಲ್ಲ ಅದನ್ನು ಅಂಗೈಯಲ್ಲಿ ಉರುಳಿಸಿ ಆಡಿದವರೇ.

ನಾನು ಶಾಲೆ ಬೇಗ ಬಿಟ್ಟವನು. ಬಿಟ್ಟದ್ದಕ್ಕೆ ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ಪಾಲಿಬೆಟ್ಟದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಆಳಾಗಿ ಸೇರಿ ಮೇಸ್ತ್ರಿಯಾದೆ. ನಾನು ಕಟ್ಟಿಸಿದ ಕಲ್ಲಿನ ಕಟ್ಟೆ ಒಂದೂ ಕುಸಿದಿಲ್ಲ. ವಾರವೆಲ್ಲ ಎಸ್ಟೇಟಿನ ಲೈನಿನಲ್ಲೇ, ಆಳುಗಳ ಸಾಲುಮನೆಯಲ್ಲೇ ಇದ್ದು ಭಾನುವಾರ ಮನೆಗೆ ಬರುತ್ತಿದ್ದೆ. ಮನೆಯಲ್ಲಿ ಅಣ್ಣ ಮತ್ತು ಅತ್ತಿಗೆ ಇಬ್ಬರೇ. ಅವರಿಗೆ ಮಕ್ಕಳಿರಲಿಲ್ಲ. ಗದ್ದೆ, ಸಣ್ಣದೊಂದು ಕಾಫಿ ತೋಟ ಎರಡೂ ಅಣ್ಣನದೇ ಹೊಣೆ.

ಅಣ್ಣನ ಹೆಸರು ನಮ್ಮ ಸುತ್ತಿನಲ್ಲಿ ನಡೆದದ್ದು ಅವನ ಕೈಯಿಂದ. ಕೈಲು ಮುಹೂರ್ತದ ದಿನ ನಮ್ಮಲ್ಲಿ ಕೋವಿಗೆ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ನಾಟಿ ಮುಗಿದು, ಮಳೆ ಇಳಿಯುವ ಹೊತ್ತಿಗೆ ಬರುವ ಹಬ್ಬ. ಪೂಜೆಯಾದ ಮೇಲೆ ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ. ಅಣ್ಣ ಕೋವಿ ಎತ್ತಿದ ಮೇಲೆ ಕಾಯಿ ಉಳಿದದ್ದನ್ನು ನಾನು ನೋಡಿರಲಿಲ್ಲ. ಅವನಾದ ಮೇಲೆ ಹೊಡೆಯುವವರಿಗೆ ಬೇರೆ ಕಾಯಿ ಕಟ್ಟಬೇಕಾಗುತ್ತಿತ್ತು. ಅವನು ಹೆಚ್ಚು ಮಾತಾಡುವವನಲ್ಲ. ಆ ಒಂದು ದಿನ ಮಾತ್ರ ಮೀಸೆಯ ಕೆಳಗೆ ನಗುತ್ತಿದ್ದ.

ಕೊಡಗು ಮೈಸೂರಿಗೆ ಸೇರಿದ ಹೊಸತು. ನಮ್ಮ ಎಸ್ಟೇಟಿಗೆ ಒಬ್ಬ ಆಳು ಬಂದಿದ್ದ. ಹಿಂದೆ ಯಾವುದೋ ಚಿನ್ನದ ಗಣಿಯಲ್ಲಿ ದುಡಿದವನು. ಒಂದು ಭಾನುವಾರ ನನ್ನ ಜೊತೆ ಮನೆಗೆ ಬಂದಾಗ ಮಡುವಿನ ಕಪ್ಪು ಮರಳು ನೋಡಿದ. ಮರದ ಮರಿಗೆಯಲ್ಲಿ ಮರಳು ಹಾಕಿ ತೊಳೆದು ತೋರಿಸಿದ. ಉಳಿದ ಪಾದರಸವನ್ನು ಬಟ್ಟೆಯಲ್ಲಿ ಹಿಂಡಿದ. ಬಟ್ಟೆಯೊಳಗೆ ಬೂದು ಬಣ್ಣದ ಒಂದು ಗಟ್ಟಿ ಉಳಿಯಿತು, ಕಡಲೆಕಾಳಿನಷ್ಟು.

"ಇದನ್ನು ಬೆಂಕಿಗೆ ಹಿಡಿದ್ರೆ ಪಾದರಸ ಹೊಗೆಯಾಗಿ ಹೋಗ್ತದೆ ಅಣ್ಣಾ, ಚಿನ್ನ ಕೂತ್ಕೊಳ್ತದೆ" ಎಂದ. "ಬಯಲಲ್ಲಿ ಕಾಯಿಸ್ಬೇಕು, ಗಾಳಿಗೆ ಬೆನ್ನು ಕೊಟ್ಟು."

ಅಣ್ಣ ಆ ಗಟ್ಟಿಯನ್ನು ಬೆರಳ ತುದಿಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಅತ್ತಿಗೆಯ ಜೋಮಾಲೆ, ನಮ್ಮ ಹೆಂಗಸರು ಹಾಕುವ ಚಿನ್ನದ ಗುಂಡಿನ ಸರ, ನಮ್ಮ ತಾಯಿಯ ಕಾಯಿಲೆಯ ವರ್ಷ ಮಾರಿಹೋಗಿತ್ತು. ಅತ್ತಿಗೆ ಅದರ ಮಾತು ಒಮ್ಮೆಯೂ ಎತ್ತಿರಲಿಲ್ಲ. ಎತ್ತದೇ ಇದ್ದದ್ದೇ ಅಣ್ಣನನ್ನು ತಿಂದಿರಬೇಕು.

ಆ ಬೇಸಿಗೆಯೆಲ್ಲ ಅವನು ಮಡುವಿನ ಮರಳು ತೊಳೆದ. ಪಾದರಸವನ್ನು ಉಪ್ಪಿನಕಾಯಿ ಭರಣಿಯಲ್ಲಿ ತುಂಬಿಟ್ಟ. ನೆಲದ ಚಿನ್ನ ಸರ್ಕಾರದ್ದು ಎಂಬ ಹೆದರಿಕೆ ಇತ್ತು, ಹಾಗಾಗಿ ಬಯಲಲ್ಲಿ ಬೆಂಕಿ ಹಾಕಲಿಲ್ಲ. ಮಳೆಗಾಲಕ್ಕೆ ಕಾದ. ನಮ್ಮಲ್ಲಿ ಮಳೆ ಹಿಡಿದರೆ ಯಾರ ಮನೆಗೂ ಯಾರೂ ಹೋಗುವುದಿಲ್ಲ. ಒಣಗಿದ ಜಾಗ ಅಂತ ಇರುವುದು ಅಡುಗೆಮನೆಯ ಒಲೆಯ ಸುತ್ತ ಮಾತ್ರ. ಬಾಗಿಲು ಮುಚ್ಚಿ, ಒಲೆಯ ಬುಡದಲ್ಲಿ ಕೂತು, ಉಂಡು, ಅಲ್ಲೇ ಕೈ ಕಾಯಿಸಿಕೊಂಡು ದಿನ ಕಳೆಯುವುದು. ಒಲೆಯ ಮೇಲೆ ಅಟ್ಟ. ಅಟ್ಟದಲ್ಲಿ ಮೀನು, ಮಾಂಸ ಹೊಗೆಗೆ ಕಟ್ಟಿರುತ್ತಾರೆ. ಆ ಒಲೆಯಲ್ಲೇ ಅಣ್ಣ ಕಬ್ಬಿಣದ ಸೌಟು ಇಟ್ಟು ಗಟ್ಟಿಗಳನ್ನು ಕಾಯಿಸಿದ.

ಭಾನುವಾರ ಹೋದಾಗ ನಾನೂ ನೋಡಿದೆ. ಬೂದು ಗಟ್ಟಿ ಸಣ್ಣಗೆ ಸಿಡಿದು ಹಳದಿಗೆ ತಿರುಗುತ್ತಿತ್ತು. ಅತ್ತಿಗೆ ಪಕ್ಕದಲ್ಲೇ ರೊಟ್ಟಿ ತಟ್ಟುತ್ತಿದ್ದಳು.

"ಹೊರಗೆ ಮಾಡೊಕು ಅಂದಿದ್ದ ಅಲ್ವಾ ಆ ಗಣಿಯವ?" ಎಂದೆ.

"ಹೊರಗೆ ಎಲ್ಲುಟ್ಟು ಬೆಂಕಿ? ಈ ಮಳೇಲಿ ನೀ ಹಚ್ಚಿ ತೋರ್ಸು ನೋಡುವ" ಎಂದ ಅಣ್ಣ.

ಅತ್ತಿಗೆ ನಕ್ಕಳು. "ಇವರಿಗೆ ಒಲೆ ಬಿಟ್ಟು ಏಳ್ಲಿಕ್ಕೆ ಮನಸ್ಸಿಲ್ಲೆ. ನಾ ಅಡುಗೆ ಮಾಡೊಕಾರೆ ಅಕ್ಕಸಾಲಿಗನ ಹತ್ರ ಅಪ್ಪಣೆ ಕೇಳೊಕು."

ಮಳೆಗಾಲ ಅರ್ಧವಾಗುವಾಗ ಅಣ್ಣ ಬದಲಾದ. ಊಟದ ತಟ್ಟೆ ಸರಿಸಿ ಏಳುತ್ತಿದ್ದ. ಬಾಯಲ್ಲಿ ತಾಮ್ರ ನೆಕ್ಕಿದ ಹಾಗೆ ಆಗುತ್ತದೆ ಎನ್ನುತ್ತಿದ್ದ. ವಸಡು ಊದಿ ರಕ್ತ ಬರುತ್ತಿತ್ತು. ಜೊಲ್ಲು ಒರೆಸಿಕೊಳ್ಳಲು ಹೆಗಲ ಮೇಲೆ ಬಟ್ಟೆ ಇಟ್ಟುಕೊಂಡ. ಒಂದು ಭಾನುವಾರ, ಕಾಫಿಯಲ್ಲಿ ಬೆಲ್ಲ ಕಮ್ಮಿ ಅಂತ ಲೋಟ ಎತ್ತಿ ಗೋಡೆಗೆ ಹೊಡೆದ. ಮದುವೆಯಾದಾಗಿನಿಂದ ಹೆಂಡತಿಗೆ ಗದರಿದವನಲ್ಲ ಅವನು. ಅತ್ತಿಗೆ ಗೋಡೆ ಒರೆಸಿದಳು. ಅವಳ ವಸಡೂ ಊದಿತ್ತು. ಅದನ್ನು ಅವಳು ಹೇಳಲಿಲ್ಲ, ಗಟ್ಟಿ ಕಡುಬು ಬಿಟ್ಟು ಗಂಜಿ ಉಣ್ಣುವುದನ್ನು ನೋಡಿ ನನಗೆ ತಿಳಿಯಿತು.

ಕೈಲು ಮುಹೂರ್ತ ಬಂತು. ಅಣ್ಣ ಬಿಳಿ ಅಂಗಿ ಹಾಕಿ ಕೋವಿ ಹಿಡಿದು ಹೊರಟ. ನಾನು ಜೊತೆಗೆ ಹೋದೆ. ಅವನ ಸರದಿ ಬಂದಾಗ ಜನ ಎಂದಿನಂತೆ ಮಾತು ನಿಲ್ಲಿಸಿದರು. ಕೋವಿ ಭುಜಕ್ಕೆ ಏರಿತು. ನಳಿಗೆಯ ತುದಿ ಗಾಳಿಗೆ ಸಿಕ್ಕ ಹುಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಅವನು ಉಸಿರು ಕಟ್ಟಿದ, ಕಾಲು ಸರಿಮಾಡಿಕೊಂಡ, ಮತ್ತೆ ಗುರಿ ನೋಡಿದ. ಗುಂಡು ಎಲ್ಲಿಗೋ ಹೋಯಿತು. ಕಾಯಿ ಹಾಗೇ ಇತ್ತು.

ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರು ನಮ್ಮ ಬಳಕೆಯವರೇ, ಬಾಯಿ ಮಾತ್ರ ಉದ್ದ. "ಏನಪ್ಪಾ, ಕೋವಿಗೇ ಚಳಿಜ್ವರ ಬಂತಾ? ಕಂಬಳಿ ಹೊದ್ಸಿ ತರ್ಬೇಕಿತ್ತು" ಎಂದರು.

ಎಲ್ಲರೂ ನಕ್ಕರು. "ನಿನ್ನೆ ಸ್ವಲ್ಪ ಜಾಸ್ತಿ ಆತ್" ಎಂದು ಅಣ್ಣನೂ ನಕ್ಕ. ಅವನು ಹಿಂದಿನ ದಿನ ಒಂದು ಹನಿಯೂ ಕುಡಿದಿರಲಿಲ್ಲ. ದಾರಿಯಲ್ಲಿ ಕೋವಿಯನ್ನು ನನ್ನ ಕೈಗೆ ಕೊಟ್ಟು ಮುಂದೆ ಮುಂದೆ ನಡೆದ. ಅವನ ಕೋವಿಯನ್ನು ಬೇರೆಯವರು ಹೊತ್ತದ್ದು ಅದೇ ಮೊದಲು.

ಮಡಿಕೇರಿಯ ಆಸ್ಪತ್ರೆಗೆ ಅವನನ್ನು ಒಪ್ಪಿಸಿ ಕರೆದೊಯ್ಯಲು ಕೆಲವು ಭಾನುವಾರಗಳು ಬೇಕಾದವು. ಅತ್ತಿಗೆಯೂ ಜೊತೆಗೆ ಬಂದಳು. ಡಾಕ್ಟರು ಮೈಸೂರು ಕಡೆಯವರು, ಹೊಸದಾಗಿ ಬಂದಿದ್ದರು. ಬಾಯಿ ತೆರೆಸಿ ವಸಡು ನೋಡಿದರು. ಕೈ ಮುಂದೆ ಚಾಚಿಸಿ ಬೆರಳುಗಳ ಮೇಲೆ ಒಂದು ಕಾಗದ ಇಟ್ಟರು. ಕಾಗದ ಪಟಪಟ ಹೊಡೆದುಕೊಂಡಿತು.

"ಪಾದರಸ ಏನಾದ್ರೂ ಮುಟ್ತೀರೇನ್ರೀ?"

"ಇಲ್ಲ ಸ್ವಾಮಿ" ಎಂದ ಅಣ್ಣ.

ಡಾಕ್ಟರು ಅತ್ತಿಗೆಯ ಕಡೆ ನೋಡಿದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ಕಾಯಿಸ್ತಾರೆ" ಎಂದಳು. "ನಮ್ಮ ಒಲೇಲಿ. ಮಳೆ ಶುರುವಾದಾಗಿಂದ."

ಅಣ್ಣ ಅವಳನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಸಿಟ್ಟಿನ ನೋಟವಲ್ಲ ಅದು. ಎಲ್ಲ ಮುಗಿಯಿತು ಎಂಬ ಹಾಗೆ ಇತ್ತು.

"ಆ ಹೊಗೆ ವಿಷ ಕಣ್ರೀ. ಇವತ್ತಿಂದ ಕಾಯಿಸಬೇಡಿ. ಕೈ ಸರಿಹೋದ್ರೂ ಹೋಗಬಹುದು, ಮುಂದಿನ ವರ್ಷದೊಳಗೆ ನೋಡೋಣ" ಎಂದರು ಡಾಕ್ಟರು. ಅತ್ತಿಗೆಯ ಬಾಯಿಗೂ ತೊಳೆಯುವ ಔಷಧ ಕೊಟ್ಟರು.

ಮುಂದಿನ ವರ್ಷ ಎಂಬ ಮಾತನ್ನು ಅಣ್ಣ ಗಟ್ಟಿಯಾಗಿ ಹಿಡಿದುಕೊಂಡ. ಮುಂದಿನ ವರ್ಷ ಅಂದರೆ ಅವನಿಗೆ ಮುಂದಿನ ಕೈಲು.

ಹುತ್ತರಿ ಹಬ್ಬಕ್ಕೆ ಹೊಸ ಅಕ್ಕಿ ಮನೆಗೆ ಬರುವ ಮೊದಲು ಮನೆ ಗುಡಿಸಿ ಸಾರಿಸುವುದು ವಾಡಿಕೆ. ಅತ್ತಿಗೆ ಅಟ್ಟದ ಇಲ್ಲಣ ಕೆರೆಯಲು ಹತ್ತಿದಳು. ಒಲೆಯ ಹೊಗೆ ವರ್ಷಗಟ್ಟಲೆ ಕೂತು ಕಪ್ಪಗೆ ಗಟ್ಟಿಯಾದ ಮಸಿ ಅದು. ಪೊರಕೆ ತಾಗಿದ ಕಡೆಯಿಂದ ಬಿಳಿ ಹನಿಗಳು ಉದುರಿದವು. ಮಸಿಯ ಎಳೆಎಳೆಯಲ್ಲಿ ಪಾದರಸ. ಹೊಗೆಗೆ ಕಟ್ಟಿದ್ದ ಮೀನಿನ ಮೇಲೆ ಸಾಸಿವೆಯಷ್ಟು ಸಣ್ಣ ಹನಿಗಳು. ಮಳೆಗಾಲವೆಲ್ಲ ಅವರು ಸುಟ್ಟು ತಿಂದದ್ದರಲ್ಲಿ ಉಳಿದ ಮೀನು.

ಅವಳು ಎಲ್ಲವನ್ನೂ ಮೊರಕ್ಕೆ ತುಂಬಿದಳು. ಮೀನನ್ನೂ ಹಾಕಿದಳು. ಭರಣಿಯನ್ನು ಸೊಂಟಕ್ಕೆ ಇಟ್ಟುಕೊಂಡು ತೋಡಿಗೆ ಹೊರಟಳು.

"ಅದನ್ನ ಅಲ್ಲಿಗೇ ಹಾಕುದಾ?" ಎಂದು ಕೇಳಿದೆ.

"ಅಲ್ಲಿಂದ ಬಂದದ್ದು ಅಲ್ಲಿಗೇ ಹೋಗ್ಲಿ. ಕಾಯಿಸ್ಬೇಡಿ ಅಂದ್ರು ಡಾಕ್ಟ್ರು. ಬಿಸಾಡ್ಬೇಡಿ ಅನ್ಲಿಲ್ಲೆ."

ನನಗೂ ಸರಿ ಅನ್ನಿಸಿತು. ಮನೆಯ ಕೊಳೆಯನ್ನೆಲ್ಲ ಹರಿಯುವ ನೀರಿಗೆ ಬಿಟ್ಟು ಮರೆತವರು ನಾವು. ಹಬ್ಬದ ಮುಂಚೆ ಎಲ್ಲ ಮನೆಯ ಇಲ್ಲಣವೂ ಹೋಗುವುದು ಅಲ್ಲಿಗೇ. ಭರಣಿ ಬಗ್ಗಿಸಿದಾಗ ಪಾದರಸ ನೀರಿನ ಜೊತೆ ಹೋಗಲಿಲ್ಲ. ಕಲ್ಲಿನ ಸಂದಿಗೆ ಇಳಿದು ಅಲ್ಲೇ ಕೂತಿತು. ಅವಳು ಕಾಲಿನಿಂದ ಮರಳು ಎಳೆದು ಮುಚ್ಚಿದಳು.

ಆಮೇಲಿನ ತಿಂಗಳುಗಳಲ್ಲಿ ಅಣ್ಣನ ವಸಡು ಇಳಿಯಿತು, ಜೊಲ್ಲು ನಿಂತಿತು, ಸಿಟ್ಟೂ ಕಮ್ಮಿಯಾಯಿತು. ಕೈ ಮಾತ್ರ ನಿಲ್ಲಲಿಲ್ಲ. ಯಾರೂ ಇಲ್ಲದಾಗ ಅವನು ಹಿತ್ತಲಲ್ಲಿ ಖಾಲಿ ಕೋವಿ ಎತ್ತಿ ಹಲಸಿನ ಕಾಯಿಗೆ ಗುರಿ ಹಿಡಿಯುತ್ತಿದ್ದ. ನಾನು ಬರುವ ಸದ್ದು ಕೇಳಿದರೆ ಇಳಿಸಿ, ನಳಿಗೆ ಒರೆಸುವವನ ಹಾಗೆ ಮಾಡುತ್ತಿದ್ದ.

ಮರುವರ್ಷದ ಕೈಲಿಗೂ ಹೋದ. ಈ ಸಲ ಯಾರೂ ತಮಾಷೆ ಮಾಡಲಿಲ್ಲ. ವಿಷಯ ಹರಡಿತ್ತು. ಕೋವಿ ಏರಿಸಿದಾಗ ಅದೇ ರೈಟರು ಒಂದು ಕವೆಗೋಲು ತಂದು ಮುಂದೆ ಹಿಡಿದರು. "ಇದರ ಮೇಲೆ ಇಟ್ಟು ಹೊಡಿ, ಪರ್ವಾಗಿಲ್ಲ, ಯಾರೂ ಏನೂ ಅನ್ನಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆನಿಸಿ ಹೊಡೆಯುವುದು ನಮ್ಮಲ್ಲಿ ಪಂದ್ಯವಲ್ಲ.

ಅಣ್ಣ ಕೋವಿ ಇಳಿಸಿ ನನ್ನ ಕಡೆ ನೀಡಿದ. "ನೀ ಹೊಡಿ."

ನಾನು ಹೊಡೆದೆ. ಕಾಯಿ ಒಡೆದು ಚೂರಾಯಿತು. ಜನ ಕೂಗಿದರು. ತಿರುಗಿ ನೋಡಿದರೆ ಅಣ್ಣ ಕವೆಗೋಲನ್ನು ರೈಟರ ಕೈಯಿಂದ ತೆಗೆದುಕೊಂಡು, ಊರುಗೋಲಿನಂತೆ ನೆಲಕ್ಕೆ ಊರಿ ನಿಂತಿದ್ದ. ಆಮೇಲೆ ಅವನು ಕೋವಿ ಮುಟ್ಟಲಿಲ್ಲ.

ಸಿಕ್ಕ ಚಿನ್ನದಲ್ಲಿ ಜೋಮಾಲೆ ಆಗಲಿಲ್ಲ, ಒಂದೇ ಒಂದು ಗುಂಡು ಆಯಿತು. ಅತ್ತಿಗೆ ಅದನ್ನು ಕರಿಮಣಿಗೆ ಪೋಣಿಸಿಕೊಂಡಳು. ಅಣ್ಣ ಕೇಳಿದ್ದಕ್ಕೆ ಪೋಣಿಸಿಕೊಂಡಳು ಎಂದು ನನ್ನ ಎಣಿಕೆ.

ತೋಡು ಈಗಲೂ ಹರಿಯುತ್ತದೆ. ಬೇರೆ ನೀರು ನಮಗಿಲ್ಲ. ಪ್ರತಿ ವರ್ಷ ನಾಟಿಗೆ ಮೊದಲು ಕಾಲುವೆಯ ಹೂಳು ತೆಗೆಯುವಾಗ ಗುದ್ದಲಿಯ ಬಾಯಲ್ಲಿ ಬಿಳಿ ಹನಿ ಕಾಣುತ್ತದೆ. ಹೆಕ್ಕಿ ಎಲ್ಲಿಗೆ ಒಯ್ಯಲಿ? ಆ ನೀರು ನಮ್ಮ ಗದ್ದೆ ದಾಟಿ, ನೆಲ್ಯಹುದಿಕೇರಿ ಊರಿಗಿಂತ ಸ್ವಲ್ಪ ಮೇಲೆ ಕಾವೇರಿ ಹೊಳೆಗೆ ಸೇರುತ್ತದೆ. ಆ ಊರಿನ ಜನ ಹೊಳೆಯ ಮೀನು ಹಿಡಿಯುತ್ತಾರೆ. ನಾನು ಅತ್ತ ಹೋದಾಗ ಯಾರ ಮನೆಯಲ್ಲಾದರೂ ಮೀನು ಬಡಿಸಿದರೆ, ಹೊಟ್ಟೆ ಸರಿಯಿಲ್ಲ ಎಂದು ಎಲೆ ಮಡಚುತ್ತೇನೆ.

ನಮ್ಮ ಮನೆಗೆ ಬಂದವರಿಗೆ ಅತ್ತಿಗೆ ಅರ್ಧ ಲೋಟ ಕಾಫಿಯನ್ನೇ ಕೊಡುತ್ತಿದ್ದಳು. ತುಂಬಿದ ಲೋಟ ಅಣ್ಣನ ಕೈಯಲ್ಲಿ ಚೆಲ್ಲುತ್ತಿತ್ತು. ಅವನೊಬ್ಬನಿಗೆ ಅರ್ಧ ಕೊಟ್ಟರೆ ಎದ್ದು ಕಾಣುತ್ತದೆಂದು ಎಲ್ಲರಿಗೂ ಅರ್ಧ. ಸ್ವಂತ ತೋಟದ ಕಾಫಿ ಇದ್ದೂ ಕೈ ಬಿಗಿ ಎಂದು ಊರಲ್ಲಿ ಅವಳಿಗೆ ಹೆಸರು ಬಂತು.

"ಏನಮ್ಮಾ, ಲೋಟದ ತಳ ತೊಳೀಲಿಕ್ಕೆ ಹೊಯ್ದದ್ದಾ ಇದು?" ಎಂದು ರೈಟರು ಒಮ್ಮೆ ಕೇಳಿದರು.

ಅಣ್ಣ ಎರಡೂ ಕೈಯಲ್ಲಿ ತನ್ನ ಲೋಟ ಹಿಡಿದು ಅಂಗಳದ ಕಡೆ ನೋಡುತ್ತಿದ್ದ.

"ನಮ್ಮಲ್ಲಿ ಹೀಗೇ" ಎಂದಳು ಅತ್ತಿಗೆ. "ಬೇಕಾದ್ರೆ ಇನ್ನೊಮ್ಮೆ ತರೊಕಾ?"

ಒಳಗೆ ಹೋಗಿ ಇನ್ನೂ ಅರ್ಧ ಲೋಟ ತಂದಳು.