ಭಾವನ ಹೆಸರಿನ ಎರಡು ಟ್ಯೂಬು

ಅಕ್ಕಾ, ಅವತ್ತು ಭಾವನ ಹೆಸರು ಬರೆದು ನಾನು ಕಳಿಸಿದ ಎರಡು ಟ್ಯೂಬುಗಳಲ್ಲಿ ಇದ್ದದ್ದು ಭಾವನ ರಕ್ತವಲ್ಲ. ನನ್ನದು. ಮೂರು ವರ್ಷದಿಂದ ಇದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಹೊಸನಗರಕ್ಕೆ ಬಂದು, ನೀನು ಬಡಿಸಿದ್ದನ್ನು ಉಂಡು, ನಗುತ್ತಾ ಸಾಗರದ ಬಸ್ಸು ಹತ್ತಿದ್ದೇನೆ. ಎದುರಿಗೆ ಕೂತು ಹೇಳುವ ಧೈರ್ಯ ಬರಲಿಲ್ಲ — ಅದಕ್ಕೇ ಬರೆಯುತ್ತಿದ್ದೇನೆ.

ತೀರ್ಥಹಳ್ಳಿಯಲ್ಲಿ ಭಾವನ ಅಣ್ಣ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ, ಭಾವನಿಗೂ ತಪಾಸಣೆ ಆಗಲೇಬೇಕೆಂದು ನೀನು ಪಟ್ಟು ಹಿಡಿದೆ. ಕ್ಯಾಮೆರಾ ಹಾಕಿ ಕರುಳು ನೋಡಬೇಕು ಎಂದರು ಡಾಕ್ಟರು, ಭಾವ ಬೇಡವೆಂದು ಕೈಮುಗಿದುಬಿಟ್ಟರು. ಆಗ ನಾನೇ ಹೇಳಿದ್ದು — ಗಡ್ಡೆ ಸಣ್ಣದಿರುವಾಗಲೇ ಅದರ ಗುರುತು ರಕ್ತದಲ್ಲಿ ಸಿಗಬಹುದಂತೆ, ಹೊಸ ಪರೀಕ್ಷೆ ಬಂದಿದೆ, ನಮ್ಮ ಲ್ಯಾಬಿನಿಂದ ಬೆಂಗಳೂರಿಗೆ ಕಳಿಸಬಹುದು ಎಂದು. "ನೀನೇ ಬಂದು ತಕ್ಕೊಂಡ್ ಹೋಗು. ನಿನ್ ಕೈ ಅಂದ್ರೆ ನಂಗೆ ಧೈರ್ಯ" ಅಂದೆ ನೀನು.

ಆ ಬೆಳಿಗ್ಗೆ ನೀನು ಅಡುಗೆಮನೆಯಲ್ಲಿದ್ದೆ. ಆಗುಂಬೆ ಘಾಟಿಯಲ್ಲಿ ಇಪ್ಪತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಸೂಜಿ ನೋಡಿ ಬೆವೆತುಹೋದರು. ಕೋಣೆಯ ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದರು: "ನಿಂದೇ ತುಂಬ್ಸಿ ಕಳ್ಸು ಮಾರಾಯ್ತಿ. ನಿನ್ ಅಕ್ಕಂಗೆ ಎಂತ ಗೊತ್ತಾಗ್ತದೆ?"

ಬೈದೆ. ಆಮೇಲೆ ಆ ಮುಖ ನೋಡಿ ನಗು ಬಂತು. ನನ್ನ ಎಡಗೈಗೆ ನಾನೇ ಸೂಜಿ ಹಾಕಿಕೊಂಡೆ. ನಿನಗೆ ಕಾಣಲಿ ಎಂದು ಅವರ ತೋಳಿಗೆ ಹತ್ತಿ ಅಂಟಿಸಿದೆ. ಒಬ್ಬರ ಟ್ಯೂಬಿಗೆ ಇನ್ನೊಬ್ಬರ ಹೆಸರು ಬೀಳಬಾರದು ಎಂದು ಲ್ಯಾಬಿನಲ್ಲಿ ಹೊಸಬರಿಗೆ ಪಾಠ ಹೇಳುವವಳು ನಾನು — ಮನೆಯವರ ವಿಷಯ ಬಂದಾಗ ಅದು ತಮಾಷೆಯಾಗಿ ಹೋಯಿತು.

ನೀನು, ಪಾಪ, ರಕ್ತ ಹೋಗಿ ಸುಸ್ತಾಗಿದ್ದಾರೆ ಎಂದು ಅವರಿಗೆ ಹಾಲುಬಾಯಿ ಮಾಡಿಕೊಟ್ಟೆ. ಅವರು ನಿನ್ನ ಬೆನ್ನ ಹಿಂದೆ ಎರಡು ತುಂಡು ನನ್ನ ತಟ್ಟೆಗೆ ದಾಟಿಸಿ, ರಕ್ತ ಕೊಟ್ಟವಳು ತಿನ್ನಬೇಕು ಎಂದು ಕಣ್ಣಲ್ಲೇ ಹೇಳಿದರು. ನಾನು ತಿಂದೆ, ಅಕ್ಕಾ.

ವರದಿ ಚೆನ್ನಾಗಿಯೇ ಬಂತು. ನೀನು ಅದನ್ನು ದೇವರ ಮುಂದೆ ಇಟ್ಟೆ. ಮರುವರ್ಷ ಭಾವನಿಗೆ ಮಲದಲ್ಲಿ ರಕ್ತ ಬೀಳತೊಡಗಿದಾಗ, ಪರೀಕ್ಷೆಯಲ್ಲಿ ಏನೂ ಇರಲಿಲ್ಲವಲ್ಲ, ಉಷ್ಣವೇ ಇರಬೇಕು ಎಂದು ತಿಂಗಳುಗಟ್ಟಲೆ ಒಂದೆಲಗದ ತಂಬುಳಿ ಕುಡಿಸಿದೆ. ಫೋನಿನಲ್ಲಿ ನನ್ನನ್ನೂ ಕೇಳಿದೆ. ಒಮ್ಮೆ ಡಾಕ್ಟರಿಗೆ ತೋರಿಸು ಅಂದೆ. ಯಾಕೆ ಎಂದು ಹೇಳಲಿಲ್ಲ... ಅಷ್ಟು ಹೇಳಿದ್ದರೆ ಅವತ್ತೇ ಹೊರಡುತ್ತಿದ್ದೆ ನೀನು.

ಕೊನೆಗೆ ಕರುಳಿನಲ್ಲಿ ಗಡ್ಡೆ ಸಿಕ್ಕಿ, ಶಿವಮೊಗ್ಗದಲ್ಲಿ ಆಪರೇಷನ್ ಆಗಿ ಭಾವ ಉಳಿದರು. ಮಲ ಹೋಗಲು ಹೊಟ್ಟೆಗೆ ಚೀಲ ಬಂತು. ಡ್ರೈವರ್ ಆಗಿದ್ದವನು ಈಗ ಕಂಡಕ್ಟರ್ ಆದೆ ಎಂದು ಆ ಚೀಲ ತೋರಿಸಿ ನಗಿಸುತ್ತಾರೆ. ನನಗೆ ಮಾತ್ರ ನಗಲಾಗುವುದಿಲ್ಲ. ಅವರದೇ ರಕ್ತ ಕಳಿಸಿದ್ದರೂ ಗುರುತು ಸಿಗುತ್ತಿತ್ತೋ ಇಲ್ಲವೋ, ಆ ಪರೀಕ್ಷೆಗೂ ಕೆಲವೊಮ್ಮೆ ತಪ್ಪಿಹೋಗುತ್ತದೆ — ಈ ಮಾತಿನ ಹಿಂದೆ ಅಡಗಲು ಬಹಳ ಸಲ ನೋಡಿದ್ದೇನೆ. ಆಗಲಿಲ್ಲ. ಹೇಳಿಬಿಡುತ್ತೇನೆ ಅಂದರೆ ಭಾವ ಬೇಡವೆಂದರು. ನಿನ್ನ ಸಿಟ್ಟೆಲ್ಲ ನನ್ನ ಮೇಲೆ ಬೀಳುತ್ತದೆ, ಅದು ತಮಗೆ ಬೇಡ ಎಂದರು. ನನಗೂ ಅದೇ ಬೇಕಿತ್ತು, ಸುಮ್ಮನಾದೆ.

ಮೊನ್ನೆ ನೀನು ಫೋನು ಮಾಡಿದೆ. ಸ್ಮಿತಾಳಿಗೂ ಈಗಲೇ ತಪಾಸಣೆ ಮಾಡಿಸಿ, ಮನೆತನದಲ್ಲಿ ಇಬ್ಬರಿಗೆ ಬಂದಿದೆ ಎಂದು ಡಾಕ್ಟರು ಹೇಳಿದ್ದಾರೆ, ಆದರೆ ಮಗಳನ್ನು ಕಳಿಸುವುದಿಲ್ಲ ಅಂದೆ ನೀನು. "ಎಲ್ಲಾ ಸುಳ್ಳು ಪರೀಕ್ಷೆ. ನಿನ್ ಭಾವಂಗೆ ಮಾಡ್ಸಿ ನೋಡಿದ್ನಲ್ಲ, ಎಂತ ಆಯ್ತು?"

ಪರೀಕ್ಷೆ ಸುಳ್ಳು ಹೇಳಲಿಲ್ಲ, ಅಕ್ಕಾ. ನಾನು ಹೇಳಿದೆ. ಸ್ಮಿತಾಳನ್ನು ಈ ವಾರವೇ ಕರೆದುಕೊಂಡು ಹೋಗು. ಡಾಕ್ಟರು ಹೇಳಿದಂತೆ ಕ್ಯಾಮೆರಾ ಹಾಕಿ ನೋಡಲಿ, ರಕ್ತ ಕೇಳಿದರೆ ರಕ್ತವನ್ನೂ ಕೊಡಲಿ. ಆದರೆ ನನ್ನ ಹತ್ತಿರ ಬೇಡ. ಬೇರೆ ಯಾರಾದರೂ ತೆಗೆಯಲಿ — ನೀನು ಪಕ್ಕದಲ್ಲೇ ನಿಂತು ನೋಡು.