ಬಾದಾಮಿ ದಾರಿಯಲ್ಲೊಂದು ರೋಮನ್ ರಸ್ತೆ

ಕುಳಗೇರಿ ಕ್ರಾಸ್ ದಾಟಿ ಬಾದಾಮಿಯ ಕಡೆ ಹೊರಟ ನಮ್ಮ ಬಸ್ಸು, ದುರಸ್ತಿಗೆಂದು ಅಗೆದ ರಸ್ತೆಯ ಕೆಸರುಗುಂಡಿಯ ಮುಂದೆ ನಿಂತುಬಿಟ್ಟಿತು. ಮಗಳ ನಿಶ್ಚಯಕ್ಕೆ ಹೊರಟಿದ್ದ ಶಾಂತಕ್ಕ ಎಂಬವರು ಚಡಪಡಿಸತೊಡಗಿದರು. "ಸೀರಿ ನನ್ನ ಕಡೆ ಐತ್ರಿ, ಹುಡುಗಿ ಅಲ್ಲಿ ಕಾಯಾಕತ್ತಾಳ!"

ನನ್ನ ಜೊತೆಗಿದ್ದ ಗೆಳೆಯ ಮೆಹಬೂಬ್ ಬಾಗಲಕೋಟೆಯಲ್ಲಿ ಇತಿಹಾಸದ ಮಾಸ್ತರ. ಗುಂಡಿ ನೋಡಿದ್ದೇ ತಡ, ಅವನ ಮುಖ ಅರಳಿತು.

"ರೋಮನ್ನರು ಹಿಂಗ ಅಗದು ತಳಕ್ಕ ದೊಡ್ಡ ಕಲ್ಲು, ಅದರ ಮ್ಯಾಲ ಸಣ್ಣ ಕಲ್ಲು, ಆಮ್ಯಾಲ ಗರಸು ತುಂಬತಿದ್ರು. ನೀರು ಹರದುಹೋಗ್ಲಿ ಅಂತ ನಡುವ ಉಬ್ಬು ಇಡತಿದ್ರು."

"ಮಾಸ್ತರ, ಕಲ್ಲು ಇಲ್ಲೇ ಬಿದ್ದಾವಲ್ರಿ, ಹಾಕೇಬಿಡೂಣು ಬರ್ರಿ!" ಎಂದು ಶಾಂತಕ್ಕ ಸೆರಗು ಸಿಕ್ಕಿಸಿ ಇಳಿದೇಬಿಟ್ಟರು.

ಕಂಡಕ್ಟರ್ ಸಮೇತ ಎಲ್ಲರೂ ಬದಿಯ ರಾಶಿಯಿಂದ ಕಲ್ಲು ಹೊತ್ತೆವು. ದೊಡ್ಡವು ಕೆಳಗೆ, ಸಣ್ಣವು ಮೇಲೆ. ಕೊನೆಗೆ ಗರಸು ಹರಡಿ ತುಳಿದೆವು. ಖಾಲಿ ಬಸ್ಸು ಮೆಲ್ಲಗೆ ಏರಿತು, ಒಮ್ಮೆ ವಾಲಿತು, ದಾಟಿತು. ಕೆಸರು ಮೆತ್ತಿದ ಕೈಗಳಿಂದಲೇ ಚಪ್ಪಾಳೆ ಹೊಡೆದೆವು.

ಎಲ್ಲರೂ ಹತ್ತಿದರೂ ಮೆಹಬೂಬ್ ಮಾತ್ರ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಕಲ್ಲುಗಳನ್ನು ತಟ್ಟಿ ನೋಡುತ್ತಿದ್ದ. ಇಷ್ಟು ವರ್ಷ ಅವನು ಕಪ್ಪುಹಲಗೆಯ ಮೇಲಷ್ಟೇ ಬರೆದ ರಸ್ತೆ ಅದು.

"ಹತ್ರಿ ಮಾಸ್ತರ," ಕಿಟಕಿಯಿಂದ ಶಾಂತಕ್ಕ ಕೂಗಿದರು, "ನಿಶ್ಚಯದ ಊಟಕ್ಕ ನೀವೂ ಬರೂದೈತಿ!"